ಹೊಳೆಯಿಲ್ಲದ ದೇಶಕ್ಕೆ ಮನೆ ನೋಡಲು ಹೋದದ್ದು

ದೇಶ ಸುತ್ತಿದವರ ಮನಸ್ಸು ವಿಶಾಲವಾಗುತ್ತದೆ ಎಂದು ತಿಳಿದವರು ಹೇಳುತ್ತ ಬಂದಿದ್ದಾರೆ. ನನ್ನ ಭಾವ ಪಂಪಣ್ಣನವರು ಸಮುದ್ರ ದಾಟಿದಾಗ ವಿಶಾಲವಾದದ್ದು ಅವರ ಪಾದಗಳು. ವಿಮಾನದಲ್ಲಿ ಕಾಲು ಇಳಿಬಿಟ್ಟು ಕೂತೂ ಕೂತೂ ಅವು ಊದಿಕೊಂಡವು. ಸಿಂಧನೂರಿನ ಬಜಾರದಲ್ಲಿ ಇದಕ್ಕೆಂದೇ ಕೊಂಡ ಕರಿ ಬೂಟುಗಳೊಳಗೆ ಮತ್ತೆ ಹೋಗಲು ಒಪ್ಪಲಿಲ್ಲ. ಹೀಗಾಗಿ ಮಾಲ್ಟಾ ದೇಶದ ನೆಲದ ಮೇಲೆ ನಮ್ಮ ಬೀಗತನದ ಮೊದಲ ಹೆಜ್ಜೆ ಬಿದ್ದದ್ದು ಹವಾಯಿ ಚಪ್ಪಲಿಯಲ್ಲಿ. ಬೂಟುಗಳು ಕೈಚೀಲದಲ್ಲಿ ಕೂತು ದೇಶ ನೋಡಿದವು.

ಗೊರೇಬಾಳ

ಹೋದದ್ದು ಯಾಕೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಅಕ್ಕನ ಕೊನೆಯ ಮಗಳು ಗಿರಿಜಾ ನರ್ಸಿಂಗ್ ಓದಿ ಲಿಬಿಯಾದ ಒಂದು ಆಸ್ಪತ್ರೆಗೆ ಕೆಲಸಕ್ಕೆ ಹೋದಳು. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಲಿಬಿಯಾಕ್ಕೆ ವಿಮಾನ ಹೋಗುವಂತಿರಲಿಲ್ಲ, ನಿಷೇಧವಿತ್ತು. ಮಾಲ್ಟಾ ಎಂಬ ದ್ವೀಪದಲ್ಲಿ ಇಳಿದು ಅಲ್ಲಿಂದ ಹಡಗು ಹತ್ತಬೇಕು. ಆ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿಯುವ ಕಾರ್ಮೆನು ಎಂಬ ಹುಡುಗ, ಅಲೆಗೆ ತಲೆ ತಿರುಗಿ ವಾಂತಿ ಮಾಡಿಕೊಳ್ಳುತ್ತಿದ್ದ ಇವಳಿಗೆ ಒಂದು ನಿಂಬೆಹಣ್ಣು ತಂದುಕೊಟ್ಟ. ಹೋಗುವಾಗಲೂ ಕೊಟ್ಟ, ರಜೆಗೆ ಬರುವಾಗಲೂ ಕೊಟ್ಟ. ಮುಂದೆ ಗಿರಿಜಾ ಲಿಬಿಯಾದ ಕೆಲಸ ಬಿಟ್ಟು ಮಾಲ್ಟಾದಲ್ಲೇ ಒಂದು ವೃದ್ಧಾಶ್ರಮ ಸೇರಿದಳು. ಮದುವೆಯಾದರೆ ಇವನನ್ನೇ ಎಂದು ಮನೆಗೆ ತಿಳಿಸಿದಳು.

ಭಾವ ಜಾತಿ-ಧರ್ಮದ ಮಾತೆತ್ತಿ ಹಾರಾಡುತ್ತಾರೆಂದು ಊರವರು ಕಾದರು. ಅವರಿಗೆ ನಿರಾಸೆಯಾಯಿತು. ಭಾವ ಮುದಗಲ್ಲಿನ ಕ್ರಿಶ್ಚಿಯನ್ನರ ಹತ್ತಿರ ಎಷ್ಟೋ ವರ್ಷ ಎತ್ತು ಕೊಂಡವರು. ಆ ಎತ್ತುಗಳಿಂದ ಧರ್ಮಕ್ಕೆ ಸಂಬಂಧಪಟ್ಟ ಯಾವ ತೊಂದರೆಯೂ ಬಂದಿರಲಿಲ್ಲ. ಅವರು ಕೇಳಿದ್ದು ಬೇರೆ.

“ಆ ಹುಡುಗನ ಊರಾಗ ಹೊಳಿ ಐತೇನು?”

ನಾನು ಲಿಂಗಸೂಗೂರಿನ ಹೈಸ್ಕೂಲಿನಲ್ಲಿ ಚರಿತ್ರೆ ಹೇಳುವವನು, ಭೂಗೋಳವೂ ನನ್ನ ಪಾಲಿಗೇ ಬಂದಿತ್ತು. ನಕಾಶೆ ತೆಗೆದು ನೋಡಿದೆ. ಹುಡುಗನ ಊರಲ್ಲಿ ಹೊಳೆಯಿರಲಿಲ್ಲ, ಪಕ್ಕದೂರಲ್ಲೂ ಇರಲಿಲ್ಲ. ಇಡೀ ದೇಶದಲ್ಲಿ ಒಂದೂ ಹೊಳೆಯಿರಲಿಲ್ಲ. ಇದನ್ನು ಮುಚ್ಚಿಡಬಹುದಿತ್ತು, ಆದರೆ ಮಾಸ್ತರಿಕೆಯ ಚಟ, ಹೇಳಿಬಿಟ್ಟೆ.

ತುಂಗಭದ್ರೆಯ ಕಾಲುವೆ ಬಂದ ಮೇಲೆ ನಮ್ಮ ಸೀಮೆಯಲ್ಲಿ ಎರಡು ಕುಲ ಹುಟ್ಟಿದವೆಂಬುದು ಓದುಗರಿಗೆ ಗೊತ್ತೇ ಇದೆ. ನೀರಾವರಿಯ ತರಿ ಜಮೀನಿನವರು, ಮಳೆ ನಂಬಿದ ಖುಷ್ಕಿ ಜಮೀನಿನವರು. ತರಿಯವರು ಖುಷ್ಕಿ ಊರಿನಿಂದ ಹೆಣ್ಣು ತರುತ್ತಾರೆ, ಖುಷ್ಕಿ ಊರಿಗೆ ಹೆಣ್ಣು ಕೊಡುವುದಿಲ್ಲ. ಮಸ್ಕಿಯಲ್ಲಿ ಕೊಡ ಹೊತ್ತು ಬೆಳೆದ ನನ್ನ ಅಕ್ಕ ಗೊರೇಬಾಳದ ಗದ್ದೆಗೆ ಸೊಸೆಯಾಗಿ ಬಂದದ್ದು ಹೀಗೆ. ಅದನ್ನು ಭಾವ ಇಂದಿಗೂ ತಮ್ಮ ದೊಡ್ಡ ದಾನಗಳಲ್ಲಿ ಒಂದೆಂದು ಲೆಕ್ಕ ಹಿಡಿಯುತ್ತಾರೆ. ಹಿರಿಯ ಮಗಳಿಗೆ ಸಂತೆಕಲ್ಲೂರಿನಿಂದ ಸರಕಾರಿ ನೌಕರಿಯ ವರ ಬಂದಿದ್ದ. ಭಾವ ಹೋಗಿ, ಹುಡುಗನನ್ನು ಬಿಟ್ಟು ಬಾವಿಯನ್ನು ನೋಡಿ, ಸುಮ್ಮನೆ ಬಸ್ಸು ಹತ್ತಿ ಬಂದಿದ್ದರು. ಅಂಥವರ ಮುಂದೆ ಈಗ ಒಂದು ಇಡೀ ಖುಷ್ಕಿ ದೇಶ ಬಂದು ನಿಂತಿತ್ತು.

ಆದರೂ ನೋಡದೆ ಬೇಡ ಅನ್ನುವುದು ಪದ್ಧತಿಯಲ್ಲ. ಹೆಣ್ಣಿನ ಕಡೆಯವರು ವರನ ಮನೆ ನೋಡಿ ಬರಬೇಕು, ಜೊತೆಗೆ ಸೋದರಮಾವ ಇರಬೇಕು. ಸಂಬಂಧ ಒಪ್ಪುವ ತನಕ ಆ ಮನೆಯ ಒಂದು ಗುಟುಕು ನೀರನ್ನೂ ಮುಟ್ಟಬಾರದು, ಮುಟ್ಟಿದರೆ ಒಪ್ಪಿದಂತೆ. ಮಾಲ್ಟಾ ಇರುವ ಕಡಲಿಗೆ ಭೂಮಧ್ಯ ಸಮುದ್ರವೆಂದು ಹೆಸರು. ಹೆಸರಿಟ್ಟವರು ಗೊರೇಬಾಳ ನೋಡಿರಲಿಕ್ಕಿಲ್ಲ. ಅಂತೂ ನಮ್ಮ ಪದ್ಧತಿ ಭೂಮಿಯ ಮಧ್ಯಕ್ಕೂ ಅನ್ವಯಿಸುತ್ತದೆಂದು ಭಾವ ತೀರ್ಮಾನಿಸಿದರು.

ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದಳು. “ಅವ್ರು ನೀರು ನೀರು ಅಂತ ಕುಂತ್ರ ಆಕಿ ಅಲ್ಲೇ ಮುದುಕಿ ಆಗ್ತಾಳ. ನೀ ಹ್ಯಾಂಗರ ಮಾಡು” ಎಂದಳು. ಹೇಗೆ ಎಂದು ನಾನು ಕೇಳುವುದರೊಳಗೆ ಬಸ್ಸು ಹೊರಟಿತು.

ವ್ಯಾಲೆಟ್ಟಾ

ವಿಮಾನ ನಿಲ್ದಾಣದ ಸುಂಕದವನು ನಮ್ಮ ಗಂಟು ಬಿಚ್ಚಿಸಿದ. ಸಜ್ಜೆ ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ, ಬೆಳಕಿಗೆ ಹಿಡಿದು, ಬಡಿದು ನೋಡಿದ. ಆಮೇಲೆ ಶೇಂಗಾ ಹಿಂಡಿಯೆಂಬ ಖಾರದ ಚಟ್ನಿಪುಡಿಯ ಡಬ್ಬಿಗೆ ಮೂಗು ಹಾಕಿ ಒಳಗೆ ಉಸಿರೆಳೆದ. ಮುಂದಿನ ತಪಾಸಣೆಯನ್ನು ಅವನು ಕಣ್ಣೀರು ಒರೆಸಿಕೊಳ್ಳುತ್ತ ಕೈಸನ್ನೆಯಲ್ಲೇ ಮುಗಿಸಿ ನಮ್ಮನ್ನು ಬಿಟ್ಟುಕೊಟ್ಟ.

ಹೊರಗೆ ಗಿರಿಜಾ ನಿಂತಿದ್ದಳು, ಹತ್ತು ಹೆಜ್ಜೆ ಹಿಂದೆ ಹುಡುಗ ನಿಂತಿದ್ದ. ಗಿಡ್ಡ ಆಳು, ಬಿಸಿಲಿಗೆ ಕಂದಿದ ಮೈ, ದಪ್ಪ ಮೀಸೆ. ಕವಿತಾಳದ ಕಡೆಯವನೆಂದರೆ ಯಾರೂ ಅನುಮಾನ ಪಡುತ್ತಿರಲಿಲ್ಲ. ಅವನು ಭಾವನ ಕೈ ಕುಲುಕಲು ಬಂದ. ಭಾವ ಕೈ ಮುಗಿದರು. ಆ ಮುಗಿದ ಕೈಗಳನ್ನೇ ಅವನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಎರಡೂ ದೇಶದ ಮರ್ಯಾದೆ ಒಂದೇ ಏಟಿಗೆ ಮುಗಿಯಿತು.

ವ್ಯಾಲೆಟ್ಟಾ ರಾಜಧಾನಿ. ಬೆಲ್ಲದ ಬಣ್ಣದ ಕಲ್ಲಿನಲ್ಲಿ ಕಟ್ಟಿದ ಕೋಟೆಯ ಊರು. ನಮ್ಮ ಮುದಗಲ್ಲಿನ ಕೋಟೆಯನ್ನು ತೊಳೆದು ಒರೆಸಿ ಸಮುದ್ರದ ಮೇಲಿಟ್ಟರೆ ಹೀಗೇ ಕಂಡೀತು. ಬೀದಿಗಳು ಮೆಟ್ಟಿಲಾಗಿ ಕಡಲಿಗೆ ಇಳಿಯುತ್ತವೆ. ಮರದ ಬಾಲ್ಕನಿಗಳಿಂದ ಹೆಂಗಸರು ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು ರೊಟ್ಟಿ ತರಕಾರಿ ಎಳೆದುಕೊಳ್ಳುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಇಡೀ ದೇಶ ಅಂಗಡಿ ಬಾಗಿಲು ಹಾಕಿ ಮಲಗುತ್ತದೆ. ಸಂಜೆ ಎದ್ದು ಬಾಗಿಲ ಮುಂದೆ ಕುರ್ಚಿ ಹಾಕಿ ಹೋಗಿಬರುವವರನ್ನು ತಪಾಸಣೆ ಮಾಡುತ್ತದೆ. ಇಷ್ಟು ದೂರ ಬಂದು ನಮ್ಮೂರನ್ನೇ ನೋಡಿದಂತಾಯಿತೆಂದು ನನಗೆ ಸ್ವಲ್ಪ ಬೇಜಾರೇ ಆಯಿತು.

ಬಸ್ಸುಗಳೂ ಹಾಗೇ. ಹಳದಿ ಬಣ್ಣದ ಮುದಿ ಬಸ್ಸುಗಳು. ಡ್ರೈವರನ ತಲೆಯ ಮೇಲೆ ಸಂತರ ಪಟ, ಹೂವು, ಮಿಣುಕು ದೀಪ. ಲಿಂಗಸೂಗೂರಿನ ಖಾಸಗಿ ಬಸ್ಸಿನಲ್ಲಿ ಇರುವಷ್ಟೇ ದೇವರು, ಇರುವಷ್ಟೇ ಬ್ರೇಕು. ಭಾವ ಹತ್ತಿದ ಕೂಡಲೇ ಮುಂದಿನ ಸೀಟು ಹಿಡಿದು ನೆಮ್ಮದಿಯಿಂದ ಕೂತರು.

ಅಲ್ಲಿನ ದೊಡ್ಡ ಚರ್ಚಿನ ನೆಲವೆಲ್ಲ ಸಮಾಧಿಗಳ ಹಾಸು. ಬಣ್ಣಬಣ್ಣದ ಅಮೃತಶಿಲೆಯಲ್ಲಿ ಅಸ್ಥಿಪಂಜರಗಳನ್ನು ಕೆತ್ತಿ ಕೂಡಿಸಿದ್ದಾರೆ. ಜನ ಅದರ ಮೇಲೇ ನಡೆದು ಛಾವಣಿ ನೋಡುತ್ತಾರೆ. ಸತ್ತ ದೊಡ್ಡವರ ಎದೆಯ ಮೇಲೆ ಕಾಲಿಡುವುದು ಭಾವನಿಗೆ ಸರಿ ಕಾಣಲಿಲ್ಲ. ಗೋಡೆಗುಂಟ ಅಡ್ಡಡ್ಡ ಸರಿಯುತ್ತ ಒಂದು ಸುತ್ತು ಬಂದರು. ಹೊರಗೆ ಬಂದಾಗ ಚಪ್ಪಲಿ ಇರಲಿಲ್ಲ. ದೇವರ ಗುಡಿಯೆಂದು ಅವರು ಮೆಟ್ಟಿಲ ಹತ್ತಿರ ಬಿಟ್ಟು ಹೋಗಿದ್ದರು. ಯಾರೋ ಎಸೆದು ಹೋದ ಕಸವೆಂದು ಗುಡಿಸುವವನು ಎತ್ತಿಕೊಂಡು ಹೋಗಿದ್ದ. ಚಪ್ಪಲಿ ಕದಿಯುವ ದೇಶ ಭಾವ ನೋಡಿದ್ದರು, ಕದಿಯಲೂ ಯೋಗ್ಯವಲ್ಲವೆಂದು ಎಸೆಯುವ ದೇಶವನ್ನು ಇದೇ ಮೊದಲು ನೋಡಿದ್ದು. ಹುಡುಗ ಓಡಿಹೋಗಿ ಕಸದ ಬಂಡಿಯನ್ನೇ ತಡೆದು ಚಪ್ಪಲಿ ತಂದ. ಭಾವ ಹಾಕಿಕೊಂಡರು. ಚಪ್ಪಲಿ ನಮ್ಮದೇ ಆಗಿದ್ದರಿಂದ ಪದ್ಧತಿಗೆ ಭಂಗವಿರಲಿಲ್ಲ.

ನಾವಿದ್ದ ಛತ್ರದಂಥ ಪುಟ್ಟ ಹೋಟೆಲಿನಲ್ಲಿ ಭಾವ ನಲ್ಲಿ ತಿರುವಿ, ತಾವು ತಂದ ತಂಬಿಗೆಯಲ್ಲಿ ನೀರು ಹಿಡಿದು, ನಾಲಿಗೆಯ ಮೇಲೆ ಎರಡು ಹನಿ ಬಿಟ್ಟುಕೊಂಡರು. ಉಪ್ಪು. ಈ ನೀರು ಎಲ್ಲಿಂದ ಬರುತ್ತದೆಂದು ಕೇಳಿದರು. ಸಮುದ್ರದ ನೀರನ್ನು ಯಂತ್ರದಲ್ಲಿ ಹಾಕಿ ಉಪ್ಪು ತೆಗೆಯುತ್ತಾರೆಂದು ಗಿರಿಜಾ ವಿವರಿಸಿದಳು. ಭಾವ ತಂಬಿಗೆಯನ್ನು ಕಿಟಕಿಯ ಮೇಲಿಟ್ಟು ಬಹಳ ಹೊತ್ತು ನೋಡಿದರು. ಸಂತೆಕಲ್ಲೂರಿನ ಬಾವಿಯಾದರೂ ಬಾವಿಯಾಗಿತ್ತು ಎಂಬುದು ಆ ನೋಟದ ಅರ್ಥ.

ಹಾಜರ್ ಈಮ್

ಗೋಜೋ ಎಂಬ ಪಕ್ಕದ ದ್ವೀಪದಲ್ಲಿ ಹುಡುಗನ ಮನೆ. ತಂದೆ ತಾಯಿ ಇಲ್ಲ, ಬೆಳೆಸಿದ್ದು ಅಜ್ಜಿ. ಮನೆ ನೋಡುವುದನ್ನು ಭಾವ ಕೊನೆಗಿಟ್ಟುಕೊಂಡಿದ್ದರು. ಅಲ್ಲಿಯ ತನಕ ನಮ್ಮನ್ನು ಸುತ್ತಾಡಿಸುವ ಕೆಲಸ ಹುಡುಗನಿಗೆ. ಅಜ್ಜಿ ದಿನಾ ಅವನ ಕೈಯಲ್ಲಿ ಬುತ್ತಿ ಕಳಿಸುತ್ತಿದ್ದಳು. ಚೀಜು ತುಂಬಿದ ಗರಿಗರಿ ಕಡುಬು, ಟೊಮೆಟೊ ಮೆತ್ತಿದ ರೊಟ್ಟಿ, ಒಂದು ಸೀಸೆ ನಿಂಬೆ ಪಾನಕ. ಆ ಕಡುಬಿನ ವಾಸನೆಗೆ ನನ್ನ ಧರ್ಮಬುದ್ಧಿ ಅಲ್ಲಾಡಿತು. ಪದ್ಧತಿ ಇರುವುದು ತಂದೆಗೆ ಮಾತ್ರ, ಸೋದರಮಾವನಿಗೆ ಅಲ್ಲವೆಂದು ವಾದಿಸಿ ನೋಡಿದೆ.

“ನೀ ತಿಂದು ನಾ ಒಲ್ಲೆ ಅಂದ್ರ ಅರ್ಧ ಮದುವಿ ಮಾಡ್ತೀಯೇನು?” ಎಂದರು ಭಾವ.

ಬುತ್ತಿ ದಿನಾ ಹಾಗೇ ವಾಪಸು ಹೋಗುತ್ತಿತ್ತು. ಗಿರಿಜಾ ಮಾತ್ರ ತಿನ್ನುತ್ತಿದ್ದಳು. ಆಕೆಯದು ಮುಗಿದ ಕಥೆ, ಪದ್ಧತಿ ಏನು ಮಾಡೀತು. ಆದರೆ ಹುಡುಗನಿಗೆ ಕಾರಣ ಹೇಳಬೇಕಲ್ಲ. ಎರಡೂ ಕಡೆಯ ಮಾತು ದಾಟಿಸುವವನು ನಾನು. ‘ನಿಮ್ಮ ಮನೆ ಇನ್ನೂ ಪಾಸಾಗಿಲ್ಲ’ ಎಂಬುದನ್ನು ಇಂಗ್ಲಿಷಿನಲ್ಲಿ ಎಷ್ಟು ಮೆತ್ತಗೆ ಹೇಳಿದರೂ ಮೊಳೆಯಂತೆ ನಿಲ್ಲುತ್ತಿತ್ತು. ಕೊನೆಗೆ, ಇವರು ವ್ರತ ಹಿಡಿದಿದ್ದಾರೆ ಎಂದೆ. ವ್ರತವನ್ನು ಬಲ್ಲ ಜನ ಅವರು. ಈ ಸುದ್ದಿ ಕಡಲು ದಾಟಿ ಅಜ್ಜಿಯ ಕಿವಿಗೂ, ಅಜ್ಜಿಯಿಂದ ಚರ್ಚಿನ ಪಾದ್ರಿಯ ಕಿವಿಗೂ ಹೋಯಿತು. ಹಿಂದೂಸ್ಥಾನದಿಂದ ಒಬ್ಬ ತಪಸ್ವಿ ಬಂದಿದ್ದಾನೆಂದು ಗೋಜೋದಲ್ಲಿ ಮಾತಾಯಿತಂತೆ. ತಪಸ್ವಿ ಅದೇ ಹೊತ್ತಿಗೆ ಹೋಟೆಲಿನ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಸಜ್ಜೆ ರೊಟ್ಟಿ ಮುರಿಯುತ್ತಿದ್ದರು.

ಹಾಜರ್ ಈಮ್ ಎಂಬಲ್ಲಿ ಕಡಲಿಗೆ ಮುಖ ಮಾಡಿ ನಿಂತ ದೈತ್ಯ ಬಂಡೆಗಳ ಗುಡಿಯಿದೆ. ಈ ಜಾಗಕ್ಕಾಗಿ ನಾನು ಲಿಂಗಸೂಗೂರಿನಿಂದಲೇ ಒಂದು ಭಾಷಣ ಸಿದ್ಧ ಮಾಡಿಕೊಂಡಿದ್ದೆ. ನಾನು ಮಸ್ಕಿಯವನು, ಅಶೋಕ ಚಕ್ರವರ್ತಿ ತನ್ನ ಹೆಸರನ್ನೇ ಬರೆಸಿದ ಬಂಡೆಯ ನೆರಳಲ್ಲಿ ಆಡಿ ಬೆಳೆದವನು. ಅಲ್ಲಿನ ಗೈಡ್ ಹೆಂಗಸಿಗೆ ಇದನ್ನು ಸಾವಕಾಶವಾಗಿ, ಅಶೋಕನಿಗೆ ತಕ್ಕ ಗಾಂಭೀರ್ಯದಿಂದ ತಿಳಿಸಿದೆ. ಆಕೆ ಪೂರ್ತಿ ಕೇಳಿದಳು. ಒಳ್ಳೆಯ ಮನಸ್ಸಿನವಳು. ಆಮೇಲೆ, ನಿಮ್ಮ ರಾಜ ಹುಟ್ಟುವ ಹೊತ್ತಿಗೆ ಈ ಗುಡಿ ಹಾಳುಬಿದ್ದು ಎರಡು ಸಾವಿರ ವರ್ಷವಾಗಿತ್ತು ಎಂದಳು. ಹೈಸ್ಕೂಲು ಮಾಸ್ತರಿಕೆಯಲ್ಲಿ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಬೆಂಚಿನ ಮೇಲಿಂದ ಲೋಕ ಹೇಗೆ ಕಾಣುತ್ತದೆಂದು ಅಂದು ತಿಳಿಯಿತು.

ಭಾವ ಇದಾವುದಕ್ಕೂ ಕಿವಿಗೊಡದೆ ಬಂಡೆಗಳ ನಡುವೆ ಬಗ್ಗಿ ಬಗ್ಗಿ ಏನನ್ನೋ ಹುಡುಕುತ್ತಿದ್ದರು. “ಇಷ್ಟು ದೊಡ್ಡ ಗುಡಿ ಕಟ್ಟ್ಯಾರ. ಕಟ್ಟುವಾಗ ಆಳಿಗೆ ಕುಡ್ಯಾಕ ನೀರು ಎಲ್ಲಿಂದ ತಂದ್ರು, ಕೇಳು ಆಕಿನ್ನ” ಎಂದರು. ಕೇಳಿದೆ. ಗೈಡ್ ಸ್ವಲ್ಪ ಯೋಚಿಸಿ, ಇದನ್ನು ಈವರೆಗೆ ಯಾರೂ ಕೇಳಿರಲಿಲ್ಲವೆಂದಳು. ಭಾವ ನನ್ನತ್ತ ಒಮ್ಮೆ ನೋಡಿದರು. ಅಶೋಕನನ್ನು ಮತ್ತೆ ನಾನು ಎತ್ತಲಿಲ್ಲ.

ನೀಲಿ ಗವಿ

ಬಂಡೆಯ ಗೋಡೆಯಲ್ಲಿ ಕಡಲು ಕೊರೆದ ಗವಿಗಳಿವೆ. ಪುಟ್ಟ ದೋಣಿಯಲ್ಲಿ ಒಳಗೆ ಹೋದರೆ ನೀರು ಕೆಳಗಿನಿಂದ ದೀಪ ಹಚ್ಚಿದಂತೆ ನೀಲಿಯಾಗಿ ಹೊಳೆಯುತ್ತದೆ. ಅದ್ದಿದ ಕೈಯೂ ನೀಲಿ. ನೋಡಿದವರು ಮಾತು ಬಿಡುತ್ತಾರೆಂದು ಕೇಳಿದ್ದೆ. ಭಾವ ಬಿಡಲಿಲ್ಲ.

ದೋಣಿಗಳ ಮೂತಿಯ ಎರಡೂ ಬದಿಗೆ ಕಣ್ಣು ಬರೆದಿರುತ್ತಾರೆ, ಕೆಟ್ಟದ್ದು ತಾಗದಿರಲೆಂದು. ಅದನ್ನು ಭಾವ ಮೆಚ್ಚಿದರು. ನಮ್ಮಲ್ಲಿ ಲಾರಿಯ ಹಿಂದೆ ಚಪ್ಪಲಿ ಕಟ್ಟುವುದಕ್ಕಿಂತ ಇದು ಚಂದವೆಂದು ಒಪ್ಪಿದರು. ಈ ದೇಶದ ಬಗ್ಗೆ ಅವರ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ಗಿರಿಜಾ ಸರಕ್ಕನೆ ನನ್ನ ಮುಖ ನೋಡಿದಳು. ಆದರೆ ಗವಿಯೊಳಗೆ ಹೋದ ಮೇಲೆ ಭಾವ ನೀಲಿ ನೀರಿನಲ್ಲಿ ಕೈಯಾಡಿಸಿ, ಬೆರಳು ನೆಕ್ಕಿ, ಮೋರೆ ಹುಳ್ಳಗೆ ಮಾಡಿದರು. “ಇಷ್ಟು ನೀರು ಐತಿ. ಒಂದು ಎಕರೆ ನೆಲ್ಲಿಗೂ ಬರಾಂಗಿಲ್ಲ.”

ಹುಡುಗ ಏನೆಂದರೆಂದು ಕೇಳಿದ. ಗವಿ ಬಹಳ ಸುಂದರವಾಗಿದೆ ಎಂದರು ಎಂದೆ.

ಆದರೆ ಇವರಿಬ್ಬರಿಗೂ ನನ್ನ ಹಂಗು ಎಲ್ಲ ವೇಳೆಯಲ್ಲೂ ಇರುತ್ತಿರಲಿಲ್ಲ. ಭಾವ ನಿಜಾಮನ ಕಾಲದ ಉರ್ದು ಶಾಲೆಯಲ್ಲಿ ನಾಲ್ಕನೇ ಇಯತ್ತೆ ಓದಿದವರು. ಮಾಲ್ಟಾದವರ ಮಾತು ಅರಬ್ಬಿಯ ಮೊಮ್ಮಗಳು. ಒಂದು ಸಲ ದೋಣಿಯವನು ಹುಡುಗನ ಹತ್ತಿರ ಮಾತಾಡುವಾಗ ‘ದಿನ್ಯಾ’ ಅಂದದ್ದು ಕಿವಿಗೆ ಬಿತ್ತು. ಭಾವ ತಕ್ಷಣ, ದುನಿಯಾ ಎಂದರು. ಹುಡುಗ ಕಣ್ಣರಳಿಸಿ ‘ಸಾಪುನ್’ ಅಂದ, ಭಾವ ಸಾಬೂನು ಎಂದರು. ಅವನು ‘ಕ್ತೀಬ್’ ಅಂದರೆ ಇವರು ಕಿತಾಬು. ದೋಣಿ ದಡಕ್ಕೆ ಬರುವ ತನಕ ಇಬ್ಬರೂ ಗೋಲಿಯಾಡಿದಂತೆ ಆಡಿದರು. ಇಂಗ್ಲಿಷ್ ಬಲ್ಲ ಮಾಸ್ತರು ನಡುವೆ ಗುಡ್ಡದಂತೆ ಕೂತಿದ್ದ. ದಡ ಹತ್ತಿದ ಕೂಡಲೇ ಭಾವ ಮತ್ತೆ ಮುಖ ಬಿಗಿದುಕೊಂಡರು, ಹುಡುಗನ ಪಾನಕದ ಸೀಸೆ ಮತ್ತೆ ಚೀಲ ಸೇರಿತು.

ಆ ಸಂಜೆ ಗಿರಿಜಾ ನನ್ನನ್ನು ಕಡಲ ಕಟ್ಟೆಯ ಮೇಲೆ ಕೂಡಿಸಿ ಕೇಳಿದಳು, ಅಪ್ಪನ ಮನಸ್ಸು ಹೇಗಿದೆಯೆಂದು. ಈ ಮನುಷ್ಯನ ಮನಸ್ಸಿಗೆ ತೂಬಿನ ಬಾಗಿಲಿದೆ, ಕೀಲಿ ಎಲ್ಲಿದೆಯೋ ಗೊತ್ತಿಲ್ಲವೆಂದೆ. ಆಕೆ ನಗಲಿಲ್ಲ.

“ಅಪ್ಪ ಒಲ್ಲೆ ಅಂದ್ರ ನಾ ಮಾಡಿಕೊಳ್ಳಾಂಗಿಲ್ಲ, ಮಾಮಾ. ಓಡಿ ಹೋಗಾಕಿ ಅಲ್ಲ. ಆದ್ರ ಮತ್ತೊಬ್ಬನ್ನ ತೋರಿಸಬ್ಯಾಡ್ರಿ. ಅವ್ವಗ ಅಷ್ಟು ಹೇಳಿಬಿಡ್ರಿ.”

ಹೇಳುತ್ತೇನೆ ಎಂದೆ.

ಗೋಜೋಗೆ ಹೋಗುವ ಹಡಗು

ಹಡಗಿನ ಮೇಲಟ್ಟದಲ್ಲಿ ಭಾವ ಕಂಬಿ ಹಿಡಿದು ನಿಂತಿದ್ದರು. ದೊಡ್ಡ ದ್ವೀಪ ಹಿಂದೆ ಸರಿಯುತ್ತಿತ್ತು, ಸಣ್ಣದು ಮುಂದೆ ಬರುತ್ತಿತ್ತು. ನಾನು ಅಕ್ಕನ ಅಪ್ಪಣೆಯಂತೆ ‘ಹ್ಯಾಂಗರ ಮಾಡು’ವ ಕೆಲಸ ಶುರು ಮಾಡಿದೆ. ಹುಡುಗ ಕುಡಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ, ಚಪ್ಪಲಿಗಾಗಿ ಕಸದ ಬಂಡಿಯ ಹಿಂದೆ ಓಡುತ್ತಾನೆ ಎಂದೆ. ಮಗಳು ಇಲ್ಲಿ ಕೊಡ ಹೊರಬೇಕಾಗಿಲ್ಲ, ನಲ್ಲಿ ಇದೆ, ಉಪ್ಪಾದರೂ ಇದೆ ಎಂದೆ.

“ಸಂತೆಕಲ್ಲೂರಿಗೆ ಕೊಟ್ಟಿದ್ರ ಬಸ್ ಇತ್ತು, ಮಾಸ್ತರ” ಎಂದರು ಭಾವ. “ಇಲ್ಲಿ ಆಕಿಗೆ ಜ್ವರ ಬಂದ್ರ ನಿಮ್ಮಕ್ಕ ಹ್ಯಾಂಗ ಬರ್ತಾಳ?”

ಕೆಳಗಿನ ಅಟ್ಟದಲ್ಲಿ ಗಿರಿಜಾ ಹುಡುಗನ ಪಕ್ಕದಲ್ಲಿ ಕೂತು ನಿಂಬೆಹಣ್ಣು ಮೂಸುತ್ತಿದ್ದಳು. ಇಷ್ಟು ವರ್ಷವಾದರೂ ಅವಳಿಗೆ ಹಡಗು ಒಗ್ಗಿರಲಿಲ್ಲ. ಭಾವ ಅದನ್ನು ನೋಡಿದರು. ಆಮೇಲೆ ಸಮುದ್ರ ನೋಡಿದರು.

ಇಳಿದ ಮೇಲೆ ಹುಡುಗ ನಮ್ಮನ್ನು ನೇರ ಮನೆಗೆ ಒಯ್ಯಲಿಲ್ಲ. ತನ್ನ ದ್ವೀಪದ ದೊಡ್ಡಸ್ತಿಕೆ ಮೊದಲು ತೋರಿಸುತ್ತೇನೆಂದ. ಕಡಲೊಳಗೆ ಚಾಚಿದ ಗುಡ್ಡವನ್ನು ಅಲೆ ಕೊರೆದು ಕೊರೆದು ಹೆಬ್ಬಾಗಿಲು ಮಾಡಿದೆ. ಎರಡು ಕಂಬ, ಮೇಲೊಂದು ಚಪ್ಪಟೆ ಕಲ್ಲು, ನಡುವೆ ಆಕಾಶ. ದೇವರು ಮನೆ ಕಟ್ಟಲು ಬಾಗಿಲ ಚೌಕಟ್ಟು ನಿಲ್ಲಿಸಿ ಆಮೇಲೆ ಮನಸ್ಸು ಬದಲಿಸಿದಂತಿತ್ತು. ನಾನು ಅಲ್ಲಿ ನಿಜಕ್ಕೂ ಮಾತು ಬಿಟ್ಟೆ.

ಹಳ್ಳಿಯ ದಾರಿಯುದ್ದಕ್ಕೂ ಗಾರೆಯಿಲ್ಲದೆ ಕಲ್ಲು ಪೇರಿಸಿದ ಒಡ್ಡುಗಳು, ಒಡ್ಡಿನ ಮೇಲೆ ಪಾಪಾಸುಕಳ್ಳಿ. ಮಸ್ಕಿಯ ಗುಡ್ಡದ ಹಿಂದಿನ ಹೊಲಗಳನ್ನು ಯಾರೋ ನನಗಿಂತ ಮೊದಲು ಹಡಗಿನಲ್ಲಿ ಕಳಿಸಿದ್ದಾರೆ ಅನ್ನಿಸಿತು. ಊರ ಚರ್ಚಿಗೆ ಎರಡು ಗಡಿಯಾರ. ಒಂದು ಸರಿಯಾದ ವೇಳೆ ತೋರಿಸುತ್ತದೆ, ಇನ್ನೊಂದು ಬಣ್ಣದಲ್ಲಿ ಬರೆದ ಸುಳ್ಳು ಗಡಿಯಾರ. ಸೈತಾನನಿಗೆ ಪ್ರಾರ್ಥನೆಯ ಹೊತ್ತು ತಿಳಿಯದಿರಲೆಂದು ಹಾಗೆ ಮಾಡುತ್ತಾರಂತೆ. ಸಿಂಧನೂರಿನ ಬಸ್ ಸ್ಟ್ಯಾಂಡಿನ ಗಡಿಯಾರ ಇಷ್ಟು ವರ್ಷ ಯಾರನ್ನು ಮೋಸಗೊಳಿಸಲು ನಿಂತಿದೆಯೆಂಬುದು ನನಗೆ ಅಂದು ಹೊಳೆಯಿತು.

ಅಜ್ಜಿಯ ಮನೆ

ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಕರಿ ಬಟ್ಟೆ, ಬಿಳಿ ತಲೆ, ಗುಬ್ಬಿಯಷ್ಟು ಮೈ. ತಪಸ್ವಿಯ ಕೈಯನ್ನು ಕಣ್ಣಿಗೊತ್ತಿಕೊಂಡಳು. ತಪಸ್ವಿ ಗಾಬರಿಯಾದರು. ಮೇಜಿನ ಮೇಲೆ ಮದುವೆಗೆ ಆಗುವಷ್ಟು ಅಡಿಗೆ ಇತ್ತು, ಅದರ ಮೇಲೆ ಬಟ್ಟೆ ಮುಚ್ಚಿತ್ತು. ವ್ರತ ಮುಗಿಯುವ ತನಕ ಹೀಗೇ ಇರುತ್ತದೆ, ಅವಸರವಿಲ್ಲ ಎಂದು ಅಜ್ಜಿ ಹೇಳಿಸಿದಳು. ಬಟ್ಟೆಯ ಅಂಚಿನಿಂದ ಒಂದು ಕಡುಬು ನನ್ನನ್ನು ನೋಡುತ್ತಿತ್ತು.

ಭಾವ ಮನೆ ನೋಡಲು ಎದ್ದರು. ಗೋಡೆ ತಟ್ಟಿದರು, ತೊಲೆ ಎಣಿಸಿದರು, ಮಾಳಿಗೆ ಹತ್ತಿದರು. ಮಾಳಿಗೆ ನಮ್ಮ ಕಡೆಯ ಮಾಳಿಗೆಯಂತೆಯೇ ಚಪ್ಪಟೆ. ಆದರೆ ಅದರ ನಾಲ್ಕೂ ಕಡೆಯಿಂದ ಸಣ್ಣ ಕಾಲುವೆಗಳು ಒಂದು ಮೂಲೆಗೆ ಬಂದು, ಗೋಡೆಯೊಳಗಿನ ಕೊಳವೆಯಲ್ಲಿ ಇಳಿದುಹೋಗುತ್ತಿದ್ದವು. ಭಾವ ಆ ಕೊಳವೆಯ ಬಾಯಿಗೆ ಕಿವಿಯಿಟ್ಟರು. ಇದು ಎಲ್ಲಿಗೆ ಹೋಗುತ್ತದೆಂದು ಸನ್ನೆಯಲ್ಲೇ ಕೇಳಿದರು. ಹುಡುಗ ಅಂಗಳ ತೋರಿಸಿದ.

ಅಂಗಳದ ನಡುವೆ ಕಲ್ಲಿನ ಕಟ್ಟೆ, ಅದರ ಮೇಲೆ ಮರದ ಮುಚ್ಚಳ. ಕೆಳಗೆ ಮನೆಯಷ್ಟೇ ದೊಡ್ಡದಾದ ಹಗೇವು, ಬಂಡೆಯಲ್ಲಿ ಕಡಿದದ್ದು. ನಾವು ಜೋಳ ತುಂಬಿಡುವ ನೆಲಮಾಳಿಗೆಯಂತೆ ಅವರು ಮಳೆ ತುಂಬಿಡುತ್ತಾರೆ. ಹಳೆಯ ಕಾಲದಲ್ಲಿ ಇದಿಲ್ಲದೆ ಮನೆ ಕಟ್ಟುವಂತಿರಲಿಲ್ಲವೆಂದು ಗಿರಿಜಾ ಹೇಳಿದಳು. ಬೇಸಿಗೆ ಮುಗಿಯುತ್ತ ಬಂದಿದ್ದರಿಂದ ತಳ ಕಂಡಿತ್ತು. ಮೊದಲ ಮಳೆಗೆ ಮುಂಚೆ ಹೂಳು ತೆಗೆಯಬೇಕು. ಉಳಿದ ತಿಳಿನೀರನ್ನು ಅಜ್ಜಿ ಆಗಲೇ ಗಡಿಗೆಗಳಲ್ಲಿ ತುಂಬಿಸಿಟ್ಟಿದ್ದಳು. ಬೀಗರು ಬಂದ ದಿನವೇ ಯಾಕೆಂದರೆ, ಮಳೆ ಯಾರ ಬೀಗರನ್ನೂ ಕೇಳಿ ಬರುವುದಿಲ್ಲವಂತೆ.

ಹುಡುಗ ಏಣಿ ಇಳಿದು ಸಲಿಕೆ ಹಿಡಿದ. ಭಾವ ಕಟ್ಟೆಯ ಮೇಲೆ ಕೂತು ಬಗ್ಗಿ ನೋಡತೊಡಗಿದರು. ಆಮೇಲೆ ನಾಲಿಗೆ ಲೊಚಗುಟ್ಟಿದರು. ಕಾಲುವೆಯ ಹೂಳು ತೆಗೆಯುತ್ತ ಆಯುಷ್ಯ ಸವೆಸಿದ ಮನುಷ್ಯ; ಕೆಳಗೆ ಹುಡುಗ ಹೂಳನ್ನು ಹಸಿಯಿದ್ದ ಕಡೆಗೇ ದೂಡುತ್ತಿದ್ದ, ತೆಗೆದ ಕೆಸರು ಮತ್ತೆ ಜಾರಿ ಅಲ್ಲೇ ಬರುತ್ತಿತ್ತು.

“ಆ ಕಡಿಂದ ಎಳಿಯೋ” ಎಂದರು ಕನ್ನಡದಲ್ಲೇ. ಹುಡುಗ ಮೇಲೆ ನೋಡಿದ. “ಇಳಿಜಾರಿನ ಕಡಿಂದ ಅಲ್ಲಪಾ, ಏರಿನ ಕಡಿಂದ.” ನಾನು ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆಯುವಷ್ಟರಲ್ಲಿ ಭಾವ ಅಂಗಿ ಬಿಚ್ಚಿ ನನ್ನ ಹೆಗಲಿಗೆ ಹಾಕಿ, ಧೋತರ ಎತ್ತಿ ಕಚ್ಚೆ ಬಿಗಿದು, ಏಣಿ ಇಳಿದುಬಿಟ್ಟರು.

ಮುಂದಿನದನ್ನು ನಾನು ಕಿವಿಯಿಂದ ಮಾತ್ರ ಬಲ್ಲೆ. ಒಳಗಿನಿಂದ ಎರಡು ದನಿ ಗುಂಯ್‌ಗುಡುತ್ತ ಬರುತ್ತಿದ್ದವು. ಗೊರೇಬಾಳದ ಕನ್ನಡದಲ್ಲಿ ಹುಕುಮು ಹೋದರೆ ಗೋಜೋದ ಭಾಷೆಯಲ್ಲಿ ಒಪ್ಪಿಗೆ ಬರುತ್ತಿತ್ತು. ಒಮ್ಮೆ ಭಾವ ಬೈದರು. ಮನೆಯ ಆಳಿಗೆ, ಅಣ್ಣತಮ್ಮಂದಿರಿಗೆ, ಸ್ವಂತ ಮಗನಿಗೆ ಮಾತ್ರ ಅವರು ಬಳಸುವ ಬೈಗುಳ ಅದು. ಅಡಿಗೆ ಮನೆಯ ಮೆಟ್ಟಿಲ ಮೇಲೆ ಕೂತಿದ್ದ ಗಿರಿಜಾ ಅದನ್ನು ಕೇಳಿ ತಲೆ ಎತ್ತಿದಳು. ನಾನು ಬಕೆಟ್ಟು ಎಳೆದೆ, ಚೆಲ್ಲಿದೆ, ಮತ್ತೆ ಎಳೆದೆ. ನನ್ನ ಇಂಗ್ಲಿಷಿಗೆ ಅಂದು ಬೇರೆ ಉಪಯೋಗವಿರಲಿಲ್ಲ.

ಭಾವ ಮೇಲೆ ಬಂದಾಗ ಎರಡು ಕಣ್ಣು ಬಿಟ್ಟು ಉಳಿದದ್ದೆಲ್ಲ ಕೆಸರು. ಹಿಂದೆ ಬಂದ ಹುಡುಗನೂ ಹಾಗೇ. ಯಾವುದು ಕಾಲುವೆ ಸೀಮೆ, ಯಾವುದು ಖುಷ್ಕಿ ದೇಶ, ಗುರುತು ಹತ್ತುವಂತಿರಲಿಲ್ಲ. ಬಿಸಿಲು ನೆತ್ತಿಯ ಮೇಲಿತ್ತು. ಭಾವ ಕಟ್ಟೆಗೆ ಒರಗಿ ಏದುಸಿರು ಬಿಟ್ಟರು. ಅಜ್ಜಿ ಗಡಿಗೆಯಿಂದ ಒಂದು ಮಗ್ಗು ನೀರು ಬಗ್ಗಿಸಿ ಚಾಚಿದಳು. ಭಾವ ತೆಗೆದುಕೊಂಡು, ಮುಖ ಮೇಲೆತ್ತಿ, ಗಟಗಟ ಕುಡಿದರು. ಮಗ್ಗು ಚಾಚಿ ಇನ್ನೊಂದು ಎಂದು ಸನ್ನೆ ಮಾಡಿದರು. ಅದನ್ನೂ ಕುಡಿದರು.

ಗಿರಿಜಾ ಎರಡೂ ಕೈಯಲ್ಲಿ ಸೆರಗು ಹಿಡಿದುಕೊಂಡಿದ್ದಳು. ಭಾವ ಬಾಯಿ ಒರೆಸಿಕೊಂಡು ಖಾಲಿ ಮಗ್ಗನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಮಾಸ್ತರ, ನಾ ನೀರು ಕುಡದ್ನೇನು?”

“ಕುಡದ್ರಿ, ಭಾವಾ.”

“ಎರಡನೇದು ಕೇಳಿ ಕುಡದೆ?”

“ಹೌದ್ರಿ. ಕೇಳಿ ಕುಡದ್ರಿ.”

“ಗಿರಿಜಾ ನೋಡ್ಯಾಳೇನು?”

ನೋಡಿದ್ದಾಳೆ ಎಂದು ತಲೆಯಾಡಿಸಿದೆ. ದಣಿವಿನಲ್ಲಿ ಮರೆತು ಕುಡಿದರೋ, ಮರೆತದ್ದು ಬರೀ ಮೊದಲನೆಯ ಮಗ್ಗಿನ ಮಟ್ಟಿಗೋ, ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಗ್ಗನ್ನು ಅಜ್ಜಿಯ ಕೈಗೆ ಕೊಟ್ಟು ಮಗಳ ಕಡೆ ತಿರುಗಿದರು. “ನೀರು ಸಪ್ಪಗ ಐತಿ ಬೇ” ಎಂದರು. “ಉಪ್ಪಿಲ್ಲ.”

ಗಿರಿಜಾ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಅಜ್ಜಿ ವ್ರತ ಮುಗಿಯಿತೇ ಎಂದು ಹುಡುಗನನ್ನು ಕೇಳಿದಳು, ಹುಡುಗ ನನ್ನನ್ನು ಕೇಳಿದ. ಮುಗಿಯಿತೆಂದೆ. ಮೇಜಿನ ಮೇಲಿನ ಬಟ್ಟೆ ತೆಗೆದರು. ನಾನು ಕೈ ತೊಳೆಯುವುದನ್ನೂ ಮರೆತು ಕೂತೆ.

ಡಿಸೆಂಬರಿನಲ್ಲಿ ನೆಲ್ಲು ಒಕ್ಕಿ ಮುಗಿದ ಮೇಲೆ ಸಿಂಧನೂರಿನಲ್ಲಿ ಮದುವೆಯಾಯಿತು. ಮರುವರ್ಷ ಗಿರಿಜಾಗೆ ಜ್ವರ ಬಂದಾಗ ಅಕ್ಕನಿಗೆ ಹೋಗಲಾಗಲಿಲ್ಲ, ಅಜ್ಜಿ ನೋಡಿಕೊಂಡಳು.